ಕುಟುಂಬದಾಗ ಪಗಾರೇನು?

(ಬಳ್ಳಾರಿ ಕೌಲ್ ಬಜಾರ್. ಒಗ್ಗರಣಿ-ಮಿರ್ಚಿ ಅಂಗಡಿ. ಜೀನ್ಸ್ ಸಾವ್ಕಾರ್ರು, ಕುರುಗೋಡಿನ ಟೈಲರ್, ಸಿರುಗುಪ್ಪದ ಅಕ್ಕಿ ಮಿಲ್ಲಿನವರು.)

ಮಿಲ್ಲಿನವರು: ಏನ್ರೀ ಸಾವ್ಕಾರ್ರೆ, ಮೂರು ದಿನ ಕಾಣ್ಲೇ ಇಲ್ಲ?

ಸಾವ್ಕಾರ್ರು: ನಾಯಕತ್ವದ ಶಿಬಿರಕ್ಕ ಹೋಗಿದ್ದೆ. ಮೊದ್ಲು ಮೈಂಡ್‌ಸೆಟ್ ಬದಲಿಸ್ಬೇಕಂತ.

ಮಿಲ್ಲಿನವರು: ನಮ್ಮ ಕಡೆ ಪಂಪ್‌ಸೆಟ್ ಬದಲಿಸಿದ್ರೂ ಕರೆಂಟ್ ಬರ್ಬೇಕಲ್ರೀ.

ಸಾವ್ಕಾರ್ರು: ಕಂಫರ್ಟ್ ಝೋನ್ ಬಿಟ್ಟು ಹೊರಗ ಬರ್ರಿ ಅಂದ್ರು.

ಟೈಲರ್: ಎಲ್ಲಿ ಅಂದ್ರು ಯಜಮಾನ್ರೆ?

ಸಾವ್ಕಾರ್ರು: ಏಸಿ ಹಾಲ್‌ನಾಗ. ಹೊರಗ ಭಾರೀ ಬಿಸ್ಲು ನೋಡು.

ಟೈಲರ್: ವಾಷಿಂಗ್ ಯೂನಿಟ್ಟಿಗೆ ನೀರು ಹೆಂಗ ತರೋದಂತ ಹೇಳಿದ್ರಾ?

ಸಾವ್ಕಾರ್ರು: ಕಣ್ಣು ಮುಚ್ಚಿ, ಬೇಕಾದ್ದನ್ನ ಕಾಣ್ರಿ ಅಂದ್ರು.

ಮಿಲ್ಲಿನವರು: ಅದಕ್ಕ ಫೀಸ್ ಯಾಕ್ರೀ? 2023ರ ಎಲೆಕ್ಷನ್‌ನಾಗ 5000 ಕೋಟಿ ಜೀನ್ಸ್ ಪಾರ್ಕ್ ಅಂದಾಗಿಂದ ಬಳ್ಳಾರಿ ಕಣ್ಣು ಮುಚ್ಚೇ ಐತಿ!

ಟೈಲರ್: ನಮ್ಮ ಕುರುಗೋಡಿನ ದೊಡ್ಡ ಬಸವಣ್ಣ ಕುಂತಲ್ಲೇ ಕುಂತಾನ. ಜನ ತಾವಾಗೇ ಬರ್ತಾರ. ಅವನ್ದು ಯಾವ ಶಿಬಿರ್ರೀ?

ಸಾವ್ಕಾರ್ರು: ತಮಾಷಿ ಬ್ಯಾಡ. ಇನ್ಮುಂದ ನೀವು ಕೆಲಸ್ಗಾರ್ರಲ್ಲ, ನಮ್ಮ ಕುಟುಂಬ.

ಟೈಲರ್: ಓಹೋ, ಅದಕ್ಕಽ ಎರಡು ತಿಂಗ್ಳಿಂದ ಪಗಾರ ಇಲ್ಲ. ಮನಿಯವ್ರಿಗೆ ಯಾರು ಪಗಾರ ಕೊಡ್ತಾರ?

ಸಾವ್ಕಾರ್ರು: ಫೀಸ್ ಕಟ್ಟಿ ಕೈ ಖಾಲಿ ಆಗೇತಪಾ. ನೀನೂ ಒಳಗಿಂದ ಬೆಳೀಬೇಕು.

ಟೈಲರ್: ಬೆಳೆದೇನ್ರೀ, ಕಿರಾಣಿ ಅಂಗಡಿ ಉದ್ರಿ ಪುಸ್ತಕದಾಗ. ಮಿಲ್ಲಿನ ಅಣ್ಣಾರೆ, ಮಿರ್ಚಿ ಬಿಲ್ ನೀವಽ ಕೊಡ್ರಿ. ನಮ್ಮ ಕುಟುಂಬದ ಹತ್ರ ರೊಕ್ಕಿಲ್ಲ.