ಎಂಟು ತೂತಿನ ದೋಣಿ

ನಮ್ಮೂರು ಸಂತೆಕಲ್ಲೂರು. ಹೆಸರಿನಲ್ಲಿ ಸಂತೆ ಇದೆ, ಕಲ್ಲಿದೆ, ಊರೂ ಇದೆ. ನೀರಿನ ಸುದ್ದಿ ಮಾತ್ರ ಇಲ್ಲ. ಅಂಥ ಊರಿಗೆ ಮೇ ತಿಂಗಳ ಒಂದು ಸುಡು ಮಧ್ಯಾಹ್ನ, ಸಿಂಧನೂರಿನ ಅಕ್ಕಿಯನ್ನು ಬೆಂಗಳೂರಿನಲ್ಲಿ ಇಳಿಸಿ ಖಾಲಿ ಮರಳುತ್ತಿದ್ದ ಲಾರಿಯೊಂದು ಬಂದು, 12 ಅಡಿ ಉದ್ದದ ಹಸಿರು ದೋಣಿಯನ್ನು ನಮ್ಮ ಅಂಗಳದಲ್ಲಿ ಇಳಿಸಿ ಹೋಯಿತು. ಕಳಿಸಿದವನು ನನ್ನ ಅಳಿಯ. ಮೀನು ಹಿಡಿಯಲಿಕ್ಕೆಂದೇ ಮಾಡಿದ ಪೆಡಲ್ ಕಯಾಕನ್ನು ಅವನು ಹುಮ್ಮಸ್ಸಿನಿಂದ ಕೊಂಡಿದ್ದ. ಅದು ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಹಿಡಿಸುವುದಿಲ್ಲ ಎಂಬುದು ಮನೆಗೆ ತಂದ ಮೇಲೆ ಹೊಳೆಯಿತಂತೆ. "ಮಾವಾ, ನೀವು ರಿಟೈರ್ ಆಗೀರಿ, ನಿಮ್ಮ ಅಂಗಳಾನೂ ದೊಡ್ಡದೈತಿ" ಎಂದ ಫೋನಿನಲ್ಲಿ. ಎರಡೂ ನಿಜವಾದ್ದರಿಂದ ನಾನು ಸುಮ್ಮನಾದೆ.

ಸಂಜೆಯೊಳಗೆ ಊರೇ ಬಂದು ನೋಡಿತು. "ಸಿಂಟೆಕ್ಸ್ ಯಾಕ ಅಡ್ಡ ಮಲಗ್ಯಾದ್ರಿ ಸರ?" ಎಂದ ಒಬ್ಬ. ಅವನದು ಅಷ್ಟೇನೂ ತಪ್ಪಲ್ಲ. ಪ್ಲಾಸ್ಟಿಕ್ ಪುಡಿಯನ್ನು ಅಚ್ಚಿನೊಳಗೆ ಹಾಕಿ, ಕಾಯಿಸುತ್ತ ತಿರುಗಿಸಿ ಟ್ಯಾಂಕ್ ಮಾಡುತ್ತಾರಲ್ಲ, ಈ ದೋಣಿ ಹುಟ್ಟುವುದೂ ಹಾಗೆಯೇ. ನೀರನ್ನು ಒಳಗೆ ಇಟ್ಟುಕೊಳ್ಳುವುದು ಅದರ ಕೆಲಸ, ಹೊರಗೆ ಇಡುವುದು ಇದರ ಕೆಲಸ. ಹೀಗೆ ನಾನು ವಿವರಿಸುತ್ತಿರುವಾಗಲೇ ಹುಡುಗನೊಬ್ಬ ದೋಣಿಯ ಅಡಿ ತೂರಿ ಮಲಗಿ, ಮೇಲೆ ನೋಡಿ ಕೂಗಿದ: "ಸರ, ಇದರಾಗಿಂದ ಆಕಾಶ ಕಾಣ್ತೈತ್ರಿ!"

ಎಣಿಸಿದೆವು. ಎಂಟು ತೂತು, ಮೇಲಿನಿಂದ ತಳದವರೆಗೆ ಆರಪಾರ. ಜನರ ಮುಖದಲ್ಲಿ ಅಳಿಯನ ಬಗ್ಗೆ ಕನಿಕರ ಮೂಡಿತು. ಕೂರುವ ಅಟ್ಟ ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ, ಅಲೆಯ ನೀರು ಒಳಗೆ ಬಿದ್ದರೆ ಈ ಕೊಳವೆಗಳಿಂದ ತಾನೇ ಇಳಿದು ಹೋಗುತ್ತದೆ, ಇದು ಮುಳುಗಿಸುವ ತೂತಲ್ಲ, ಉಳಿಸುವ ತೂತು ಎಂದು ಬೋರ್ಡಿಲ್ಲದೆ ಪಾಠ ಮಾಡಿದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ, ಯಾರೂ ನಂಬಲಿಲ್ಲವೆಂದು ಗೊತ್ತಾಗಲು ಪರೀಕ್ಷೆ ಬೇಕಿಲ್ಲ.

ಮರುದಿನದಿಂದ ಸಜ್ಜು ಮಾಡುವ ಕೆಲಸ. ಜೊತೆಗೆ ಬಂದ ಕೈಪಿಡಿಯಲ್ಲಿ ಒಂದಕ್ಷರವಿಲ್ಲ. ಬರೀ ಚಿತ್ರ, ಬಾಣ, ಗುಂಡು ತಲೆಯ ಒಬ್ಬ ಮನುಷ್ಯ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡ ಬೀಡನ್ ಎಂಬ ಗಣಿ ಎಂಜಿನಿಯರಿಗೂ ಇಷ್ಟು ತ್ರಾಸಾಗಿರಲಿಕ್ಕಿಲ್ಲ. ಅಲ್ಲಿ ಬ್ರಾಹ್ಮಿಯಾದರೂ ಇತ್ತು. ಸಲಹೆಗೇನೂ ಬರವಿರಲಿಲ್ಲ ಅನ್ನಿ. 'ಕೃಷಿ ಜ್ಞಾನ ಪ್ರದೀಪಿಕೆ' ಬರೆದ ಘನಮಠ ಶಿವಯೋಗಿಗಳ ಊರು ನಮ್ಮದು. ಒಂದು ಸಲಕರಣೆ ಕಂಡು ಸಲಹೆ ಕೊಡದೆ ದಾಟಿ ಹೋಗುವವನು ಇಲ್ಲಿ ಇನ್ನೂ ಹುಟ್ಟಬೇಕು. ಅದೂ ರೋಹಿಣಿ ಮಳೆಗೆ ಮುಂಚಿನ ದಿನಗಳು. ಮನೆಮನೆಯ ಮುಂದೆ ಕೂರಿಗೆಯ ತಾಳು ಬಿಗಿಯುವವರು, ಕುಂಟೆಗೆ ಕುಡ ಕೂರಿಸುವವರು. ಮೋಡದ ಸುಳಿವಿಲ್ಲದಾಗ ಬಿತ್ತಿಗೆಯ ಸಾಮಾನು ಸಜ್ಜು ಮಾಡುವ ಊರಿನಲ್ಲಿ, ನೀರಿಲ್ಲದಾಗ ದೋಣಿ ಸಜ್ಜು ಮಾಡುವವನನ್ನು ಹುಚ್ಚ ಅನ್ನುವ ಹಕ್ಕು ಯಾರಿಗಿದೆ? ನಮ್ಮಾಕಿಗೆ ಮಾತ್ರ ಇತ್ತು, ಅವಳು ಚಲಾಯಿಸಿದಳು.

ಪೆಡಲಿನ ಮರ್ಮ ತಿಳಿಯಲು ಎರಡು ದಿನ ಹಿಡಿಯಿತು. ಇದು ಸೈಕಲ್ಲಿನಂತೆ ಸುತ್ತ ತುಳಿಯುವುದಲ್ಲ. ಒಂದಾದ ಮೇಲೊಂದು ಕಾಲನ್ನು ಮುಂದಕ್ಕೆ ಒತ್ತಬೇಕು; ಇಳಕಲ್ಲಿನ ಕುಣಿಮಗ್ಗದಲ್ಲಿ ನೇಕಾರರು ಕಾಲುಮಣೆ ಒತ್ತುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಒತ್ತಿದಂತೆಲ್ಲ ತಳದಲ್ಲಿ ಎರಡು ರಬ್ಬರ್ ರೆಕ್ಕೆ ಅತ್ತಿತ್ತ ಬೀಸುತ್ತವೆ. ಅಮೆರಿಕದ ಹೋಬಿ ಕಂಪನಿ 1997ರಲ್ಲಿ ತಂದ ಉಪಾಯವಿದು, ಪೆಂಗ್ವಿನ್ ಈಜುವ ಹಾಗೆ. ಕಾಲಿನ ಶಕ್ತಿಯನ್ನು ರೆಕ್ಕೆಗೆ ಮುಟ್ಟಿಸಲು ಒಳಗೊಂದು ಸಣ್ಣ ಚೈನಿದೆ ಎಂದು ನಾನು ತೋರಿಸಿದ್ದೇ ತಪ್ಪಾಯಿತು. "ಚೈನಾ?" ಎಂದು ನಾಲ್ಕು ಜನ ಒಟ್ಟಿಗೆ ಹಿಂದೆ ಸರಿದರು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ನೀರು ಹರಿದುಹೋದಾಗಿನಿಂದ, ನೀರಿನ ಕೆಲಸಕ್ಕೆ ಚೈನು ಎಂದರೆ ನಮ್ಮ ಕಡೆಯ ರೈತ ಎದೆ ಮುಟ್ಟಿಕೊಳ್ಳುತ್ತಾನೆ.

ಅತಿ ಕಠಿಣ ಗಳಿಗೆಯೆಂದರೆ ಗಾಳದ ಕೋಲು ನಿಲ್ಲಿಸುವ ಹಿಡಿಕೆ ಕೂರಿಸಿದ್ದು. ಅದಕ್ಕೆ ಹೊಸ ದೋಣಿಗೆ ಡ್ರಿಲ್ ಇಡಬೇಕು. ಪೆನ್ಸಿಲಿನಿಂದ ಗುರುತು ಮಾಡಿದೆ, ಅಳಿಸಿದೆ, ಮತ್ತೆ ಮಾಡಿದೆ. ಡ್ರಿಲ್ಲಿನ ತುದಿ ಗುರುತಿನ ಮೇಲಿಟ್ಟು ಕಣ್ಣು ಮುಚ್ಚಿದೆ. ಕೈ ನಡುಗಿ ಮುಳ್ಳು ಜಾರಿ, ನುಣ್ಣನೆಯ ಹಸಿರಿನ ಮೇಲೆ ಬೆರಳುದ್ದದ ಬಿಳಿ ಗೀರು ಎಳೆಯಿತು. ಬಾಗಿಲ ಚೌಕಟ್ಟು ಮಾಡಲು ಬಂದಿದ್ದ ಬಡಿಗ ನೋಡಿ ನೋಡಿ ಬೇಸತ್ತು, ಕೈಯಿಂದ ಕಸಿದುಕೊಂಡು "ಎಂಟು ತೂತಿನ ದೋಣಿಗಿ ಇನ್ನ ನಾಕು ತೂತಿಗೇನ್ರಿ?" ಎಂದು ಜರ್‍ರನೆ ಕೊರೆದೇಬಿಟ್ಟ. ಹಸಿರು ಪ್ಲಾಸ್ಟಿಕ್ಕಿನ ಸುರುಳಿ ಸುರುಳಿ ಸಿಪ್ಪೆ ನೆಲದ ಮೇಲೆ ಬಿತ್ತು. ಸಿಲಿಕೋನ್ ಮೆತ್ತಿ ಬೋಲ್ಟು ಬಿಗಿದೆವು. ಕುರ್ಚಿಯ ಹಿಂದೆ ಟೊಮ್ಯಾಟೊ ಕ್ರೇಟು ಕಟ್ಟಿ, ಅದಕ್ಕೆ ಪಿವಿಸಿ ಪೈಪಿನ ತುಂಡು ಸಿಕ್ಕಿಸಿ ಇನ್ನೆರಡು ಕೋಲಿಗೆ ಜಾಗ ಮಾಡಿದೆ. ನನ್ನ ಬಳಿ ಇದ್ದದ್ದು ಒಂದೇ ಕೋಲು.

ಮೀನು ತೋರಿಸುವ ಯಂತ್ರವೂ ಬಂದಿತ್ತು. ಶಬ್ದ ಕಳಿಸಿ, ತಳಕ್ಕೆ ಬಡಿದು ಮರಳುವ ಹೊತ್ತನ್ನು ಲೆಕ್ಕಹಾಕಿ ಆಳ ಹೇಳುವ ಪೆಟ್ಟಿಗೆ. ಪರೀಕ್ಷಿಸಲು ಊರಲ್ಲಿ ನೀರೆಲ್ಲಿದೆ? ಬಚ್ಚಲ ಹಂಡೆಯಲ್ಲಿ ಇಳಿಬಿಟ್ಟೆ. ಇಕ್ಕಟ್ಟಿನಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿದಾಡಿತೋ ಏನೋ, ಆಳ 47 ಅಡಿ ಎಂದಿತು. ನಮ್ಮಾಕಿ ಇಣುಕಿ, "ಅದಕ್ಕ ನಿಮಗ ಎಷ್ಟು ನೀರು ಕಾಸಿದ್ರೂ ಸಾಲೂದಿಲ್ಲ" ಎಂದು ಹೋದಳು.

ಹೀಗೆ ಮಳೆಗಳು ಒಂದೊಂದಾಗಿ ದಾಟಿದವು. ನಿಜ ಹೇಳಬೇಕೆಂದರೆ ನನಗೆ ಅವಸರವೂ ಇರಲಿಲ್ಲ. ಸಂಜೆಗೆ ಅಂಗಳದ ದೋಣಿಯಲ್ಲಿ ಕುಳಿತು, ಪೆಡಲನ್ನು ಒಂದು ತೂತು ಹಿಂದೆ ಸರಿಸಿ, ಒಂದು ತೂತು ಮುಂದೆ ಸರಿಸಿ ಚಹಾ ಕುಡಿಯುವ ಸುಖ ನೀರಿನ ಮೇಲೆ ಸಿಗುತ್ತದೆಂಬ ಭರವಸೆ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ನೆಪಗಳು ಮುಗಿದವು. ಮಾರಲದಿನ್ನಿಯ ಮಸ್ಕಿ ನಾಲಾ ಜಲಾಶಯದಲ್ಲಿ ನೀರಿತ್ತು. ಅಲ್ಲಿ ಬಲೆ ಬಿಡುವವರ ಒಪ್ಪಿಗೆ ಕೇಳಿಕೊಂಡು, ಟ್ರ್ಯಾಲಿಯಲ್ಲಿ ನೆಲ್ಲುಹುಲ್ಲು ಹಾಸಿ, ನಡುವೆ ದೋಣಿಯನ್ನು ಬಾಣಂತಿಯಂತೆ ಮಲಗಿಸಿ ಒಯ್ದೆವು. ತಳದ ಬಿರಡೆಯನ್ನು ಏಳು ಸಲ ಮುಟ್ಟಿ ನೋಡಿ, ಲೈಫ್ ಜಾಕೆಟ್ ಬಿಗಿದು ಹತ್ತಿದೆ. ಕುಳಿತ ಕೂಡಲೇ ಎಂಟೂ ತೂತುಗಳಲ್ಲಿ ನೀರು ಬುಳಬುಳನೆ ಮೇಲೆ ಬಂದು ಹಿಮ್ಮಡಿ ಮುಟ್ಟಿ ನಿಂತಿತು. ಕೈಪಿಡಿಯ ಗುಂಡು ತಲೆಯವನು ನನಗಿಂತ ತೆಳ್ಳಗಿದ್ದ. ದಂಡೆಯ ಮೇಲೆ ಯಾರೂ ಏನೂ ಅನ್ನಲಿಲ್ಲ. ಆ ಮೌನವನ್ನು ನಾನು ಬಲ್ಲೆ.

ದೋಣಿಯೇನೋ ಮುಳುಗಲಿಲ್ಲ. ಚೆನ್ನಾಗಿಯೇ ಹೋಯಿತು. ನಡುನೀರಿನಲ್ಲಿ ಒಬ್ಬ ಅಂಬಿಗ ಹರಿಗೋಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಬಲೆ ಎತ್ತುತ್ತಿದ್ದ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯಸ್ ಕಂಡು ಬರೆದದ್ದು ಇದನ್ನೇ: ಬುಟ್ಟಿಯಂಥ ದುಂಡು ದೋಣಿ, ತಿರುಗುತ್ತ ತಿರುಗುತ್ತ ಸಾಗುವುದು. ಆಗ ಹೊರಗೆ ಚರ್ಮವಿತ್ತು, ಈಗ ಪ್ಲಾಸ್ಟಿಕ್ಕು ಮತ್ತು ಡಾಂಬರು. ಅಂಬಿಗ ನನ್ನ ರೆಕ್ಕೆ ನೋಡಲಿಲ್ಲ, ಯಂತ್ರ ನೋಡಲಿಲ್ಲ, ಬೆಲೆಯನ್ನೂ ಕೇಳಲಿಲ್ಲ.

"ಸರ, ಆ ಕುರ್ಚಿ ಬಿಚ್ಚಿ ಬರ್ತದೇನ್ರಿ?"

ಬರುತ್ತಿತ್ತು. ಅಲ್ಯೂಮಿನಿಯಂ ಚೌಕಟ್ಟಿಗೆ ಜಾಳಿಗೆ ಬಿಗಿದ, ಬೆನ್ನಿಗೆ ಆಸರೆಯಿರುವ ಕುರ್ಚಿ. "ಮುಂಜಾನಿ ಐದಕ್ಕ ಕುಂತೀನ್ರಿ. ನಡ ಹಿಡದೈತಿ" ಎಂದ. ಎರಡೂ ದೋಣಿ ತಾಗಿಸಿ, ಉಸಿರು ಹಿಡಿದು ಕುರ್ಚಿ ದಾಟಿಸಿದೆವು. ಅವನು ಒರಗಿ ಕುಳಿತು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಬಿಟ್ಟ. ಒರಗಿದವನ ಕೈಗೆ ಹುಟ್ಟು ಎಟುಕದು. ಹರಿಗೋಲು ಅವನನ್ನು ಹೊತ್ತು ಮೆಲ್ಲಗೆ ತಿರುಗತೊಡಗಿತು. ಎರಡು ಸುತ್ತು ಆದ ಮೇಲೆ ಹಗ್ಗವೊಂದನ್ನು ನನ್ನತ್ತ ಎಸೆದು, "ಹಿಂದ ಕಟ್ರಿ" ಎಂದ.

ಕಟ್ಟಿದೆ. ಕುರ್ಚಿಯಿಲ್ಲದೆ ಮೂರು ಬೆರಳು ನೀರಿನಲ್ಲಿ ಕುಳಿತು ತುಳಿದೆ. ಹಿಂದಿನಿಂದ ಅಪ್ಪಣೆ ಬರುತ್ತಿತ್ತು: "ಎಡಕ್ಕ ಸರ... ಇನ್ನ ಸ್ವಲ್ಪ... ಹಾಂ, ಹಂಗ ತುಳೀತಿರ್ರಿ." ನನ್ನ ಗಾಳ ಕ್ರೇಟಿನ ಪೈಪಿನಲ್ಲಿ ಒಣಗುತ್ತ ನಿಂತಿತ್ತು. ಮೂರು ಬಲೆ ಎತ್ತುವಷ್ಟರಲ್ಲಿ ಹೊತ್ತು ಇಳಿಯಿತು. ದಂಡೆಗೆ ಬಂದಾಗ ಅವನು ಎರಡು ರೋಹು ತೆಗೆದು ನನ್ನ ಕ್ರೇಟಿಗೆ ಹಾಕಿದ.

"ಯಾಕಪ್ಪಾ?" ಎಂದೆ.

"ಕೂಲಿ ಬ್ಯಾಡೇನ್ರಿ? ನಾಳೆ ಐದಕ್ಕ ಬರ್ರಿ. ಕುರ್ಚಿ ಮರೀಬ್ಯಾಡ್ರಿ."