ಬಾಕಿ ಮೀಮಾಂಸೆ: ಮೂರು ತಾಲ್ಲೂಕುಗಳ ಆಧಾರದ ಮೇಲೆ ರಾಜ್ಯವಿತ್ತದ ವಿವೇಚನೆ

ಪೀಠಿಕೆ

ಕೌಟಿಲ್ಯನಿಂದ ಕೇನ್ಸ್‌ವರೆಗೆ ಅರ್ಥಶಾಸ್ತ್ರ ಬರೆದವರೆಲ್ಲ ರಾಜ್ಯದ ಬೊಕ್ಕಸದಲ್ಲಿ ಕಂಡದ್ದು ಎರಡೇ ಪದಾರ್ಥ: ಆದಾಯ ಮತ್ತು ವೆಚ್ಚ. ಪಾಪ, ಅವರು ಯಾರೂ ಮಲೆನಾಡಿನ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಮಧ್ಯಾಹ್ನದ ಹೊತ್ತು, 'ಸಾಹೇಬ್ರು ಮೀಟಿಂಗಿಗೆ ಹೋಗಿದಾರೆ' ಎಂಬ ಮಹಾವಾಕ್ಯದ ನೆರಳಲ್ಲಿ ಕೂತವರಲ್ಲ. ಕೂತಿದ್ದರೆ ಮೂರನೆಯ ಪದಾರ್ಥವೂ ಕಾಣುತ್ತಿತ್ತು. ಅದರ ಹೆಸರು ಬಾಕಿ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಸರ್ಕಾರವೆಂಬುದು ನಿಂತಿರುವುದೇ ವಿಲೇವಾರಿಯಾಗದ ಅರ್ಜಿಗಳ ಮೇಲೆ ಎಂಬುದನ್ನು ಸಾಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸೂತ್ರ

ಕೊಟ್ಟರೆ ಖರ್ಚು, ಕೊಡೆನೆಂದರೆ ಸೋಲು, ಪರಿಶೀಲನೆಯಲ್ಲಿದೆಯೆಂದರೆ ಉಳಿತಾಯ.

ಇದಕ್ಕೆ ಭಾಷ್ಯ: ಹಕ್ಕುಪತ್ರ ಕೊಟ್ಟರೆ ಜಮೀನು ಕೈಬಿಡುತ್ತದೆ, ಮನೆ ಕೊಟ್ಟರೆ ದುಡ್ಡು. ಅರ್ಜಿ ತಿರಸ್ಕರಿಸಿದರೆ ಮುಂದಿನ ಚುನಾವಣೆಯಲ್ಲಿ ಆ ಮನೆಯ ನಾಲ್ಕು ಓಟು ಹೋಗುತ್ತವೆ, ಜೊತೆಗೆ ನೆಂಟರಿಷ್ಟರದ್ದು. ಎರಡೂ ನಷ್ಟವಾಗದ ಮಧ್ಯಮ ಮಾರ್ಗವೊಂದಿದೆ. ಕಡತಕ್ಕೆ ಕೆಂಪು ದಾರ ಸುತ್ತಿ, 'ಮುಂದಿನ ವಾರ ಬನ್ನಿ' ಎನ್ನುವುದು. ಬಂದವನು ಬಸ್ಸಿನ ಟಿಕೆಟ್ಟು, ಜೆರಾಕ್ಸು, ಎರಡು ಇಡ್ಲಿ ಒಂದು ವಡೆ ಎಂದು ಪೇಟೆಯಲ್ಲಿ ಖರ್ಚು ಮಾಡುತ್ತಾನೆ. ಬಾಕಿಯಿಂದ ಸರ್ಕಾರಕ್ಕೆ ಉಳಿತಾಯ, ಪೇಟೆಗೆ ವ್ಯಾಪಾರ. ಇಂಥ ಸರ್ವಹಿತಕಾರಿಯಾದ ಆರ್ಥಿಕ ನೀತಿ ಬೇರೆಲ್ಲೂ ಸಿಕ್ಕದು.

ಇತಿಹಾಸ ಪ್ರಕರಣ

ಪ್ರಾಚೀನರು ಈ ತತ್ತ್ವ ಅರಿಯದೆ ಕೆಟ್ಟರು. ಕೆಳದಿ ಅರಸರ ರಾಜಧಾನಿಗಳು ಮೂರೂ ನಮ್ಮಲ್ಲೇ ಇವೆ. ಕೆಳದಿ, ಇಕ್ಕೇರಿ ಸಾಗರ ತಾಲ್ಲೂಕಿಗೆ, ಬಿದನೂರು ಹೊಸನಗರಕ್ಕೆ. 17ನೇ ಶತಮಾನದ ಶಿವಪ್ಪನಾಯಕ ಗದ್ದೆಗಳನ್ನು ತರ ತರ ವಿಂಗಡಿಸಿ, 12 ವರ್ಷ ಸರ್ಕಾರದ ಖರ್ಚಿನಲ್ಲೇ ಬೇಸಾಯ ಮಾಡಿಸಿ, ಬಿತ್ತಿದ ಬೀಜವೆಷ್ಟು, ಕೂಲಿಯೆಷ್ಟು, ಬಂದ ಬತ್ತವೆಷ್ಟು ಎಂದು ಬರೆಸಿ, ಅದರ ಸರಾಸರಿ ತೆಗೆದು ಕಂದಾಯ ಕಟ್ಟಿದನೆಂದು ಹೇಳುತ್ತಾರೆ. ತೋಟಕ್ಕೆ ಅಡಿಕೆ ಮರ ಎಣಿಸಿ ದರ. ಇದೇ ಪ್ರಸಿದ್ಧವಾದ ಶಿಸ್ತು. ಇಂದಿನ ದೃಷ್ಟಿಯಿಂದ ನೋಡಿದರೆ ಅವನು ಮಾಡಿದ ದೊಡ್ಡ ಪ್ರಮಾದ ಸ್ಪಷ್ಟವಾಗುತ್ತದೆ: 12 ವರ್ಷ ಪರಿಶೀಲಿಸಿದ ಮೇಲೆ ತೀರ್ಮಾನ ಮಾಡಿಬಿಟ್ಟ! ಪರಿಶೀಲನೆಯನ್ನೇ ಮುಂದುವರಿಸಿ, ನಡುನಡುವೆ ಸಮಿತಿಯನ್ನು ಪುನರ್ರಚಿಸಿದ್ದರೆ ಯಾವ ರೈತನೂ ದೂರುತ್ತಿರಲಿಲ್ಲ. ತೀರ್ಮಾನ ಮಾಡಿದ್ದಕ್ಕೆ ಖಜಾನೆ ತುಂಬಿತು. ತುಂಬಿದ ಖಜಾನೆ ಹುಡುಕಿಕೊಂಡು 1763ರಲ್ಲಿ ಹೈದರಾಲಿ ಬಂದ. ಬಾಕಿ ಇದ್ದಲ್ಲಿ ಹೈದರ್ ಬರುವುದಿಲ್ಲ; ಬಂದರೂ ಹೊತ್ತುಕೊಂಡು ಹೋಗುವುದು ಕಡತವನ್ನೇ.

ಕಂದಾಯದ ಹಿಂಸೆ ತಾಳದೆ 1830–31ರಲ್ಲಿ ನಗರದ, ಅಂದರೆ ಅದೇ ಬಿದನೂರು ಸೀಮೆಯ, ರೈತರು ಕೂಟ ಕಟ್ಟಿ ದಂಗೆ ಎದ್ದರು. ಆ ಬೆಂಕಿ ಹಬ್ಬಿದ್ದನ್ನೇ ನೆಪ ಮಾಡಿಕೊಂಡು ಬ್ರಿಟಿಷರು ಇಡೀ ಮೈಸೂರಿನ ಆಡಳಿತ ಕಿತ್ತುಕೊಂಡರು. 1881ರವರೆಗೆ, ಅಂದರೆ ಸರಿಯಾಗಿ 50 ವರ್ಷ, ವಾಪಸು ಕೊಡಲಿಲ್ಲ. ರಾಜ್ಯವನ್ನೇ ಬಾಕಿ ಇಟ್ಟುಕೊಂಡ ಈ ದೃಷ್ಟಾಂತವನ್ನು ಬ್ರಿಟಿಷ್ ಕಮಿಷನರರಿಂದ ಗುಮಾಸ್ತರು ಕಲಿತಿರಬೇಕೆಂಬುದು ನಮ್ಮ ಊಹೆ.

1951ರ ಕಾಗೋಡು ಸತ್ಯಾಗ್ರಹ ಎಲ್ಲರಿಗೂ ಗೊತ್ತು. ಗೇಣಿ ಅಳೆಯುವ ಕೊಳಗ ಎಷ್ಟು ಸೇರಿನದು ಎಂಬಲ್ಲಿ ಶುರುವಾದ ಜಗಳ. ಒಕ್ಕಲುಗಳ ಪರವಾಗಿ ಎಚ್. ಗಣಪತಿಯಪ್ಪ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು, ಆರಗದ ಶಾಂತವೇರಿ ಗೋಪಾಲಗೌಡರು ಮರುವರ್ಷ ಸಾಗರ-ಹೊಸನಗರದಿಂದ ಗೆದ್ದು ಶಾಸನಸಭೆಗೆ ಹೋದರು. ಅಲ್ಲಿಂದ 1974ರ ದೇವರಾಜ ಅರಸರ ಭೂಸುಧಾರಣೆಯ ಕಾಯ್ದೆಗೆ ಬರೋಣ. ಒಕ್ಕಲುಗಳು ನಮೂನೆ 7 ತುಂಬಿದರು, ಭೂನ್ಯಾಯಮಂಡಳಿ ಕೂತಿತು, ಊರೂರಿನಲ್ಲಿ ಉಳುವವನ ಹೆಸರು ಪಹಣಿಗೆ ಹತ್ತಿತು. ಅರ್ಜಿ ಹಾಕಿದವನಿಗೆ ಜಮೀನು ಸಿಕ್ಕಿದ ಈ ದುರ್ಘಟನೆ ಮರುಕಳಿಸದಂತೆ ಅನಂತರದ ಎಲ್ಲ ಸರ್ಕಾರಗಳೂ ಪಕ್ಷಭೇದವಿಲ್ಲದೆ ಎಚ್ಚರ ವಹಿಸಿರುವುದು ಅಭಿನಂದನಾರ್ಹ.

ಪೂರ್ವಪಕ್ಷ

ಇಲ್ಲಿ ಕೆಲವರು ಆಕ್ಷೇಪಿಸುತ್ತಾರೆ: 'ಸರ್ಕಾರ ಕೊಡುತ್ತಿಲ್ಲವೆ? ಗೃಹಲಕ್ಷ್ಮಿಗೆ ತಿಂಗಳಿಗೆ 2,000 ರೂಪಾಯಿ, ಗೃಹಜ್ಯೋತಿಗೆ 200 ಯೂನಿಟ್ಟು, ಹೆಂಗಸರಿಗೆ ಬಸ್ಸು ಬಿಟ್ಟಿ. 2025–26ರ ಬಜೆಟ್ಟು 4.09 ಲಕ್ಷ ಕೋಟಿ, ಅದರಲ್ಲಿ ಗ್ಯಾರಂಟಿಗಳಿಗೇ ಸುಮಾರು 51 ಸಾವಿರ ಕೋಟಿ. ಇದು ಬಾಕಿಯೆ?'

ಸಮಾಧಾನ: 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಬಿಟ್ಟಿಯಾದದ್ದು ಸರ್ಕಾರಿ ಬಸ್ಸು. ನಮ್ಮ ಮೂರು ತಾಲ್ಲೂಕಿನ ಹಳ್ಳಿ ರಸ್ತೆಗಳಲ್ಲಿ ಬಹುಪಾಲು ಓಡುವುದು ಖಾಸಗಿ ಬಸ್ಸು. ಆಧಾರ್ ಕಾರ್ಡು ಹಿಡಿದು ಕೈಮರದ ಬುಡದಲ್ಲಿ ನಿಂತ ಹೆಂಗಸಿಗೆ ಪ್ರಯಾಣದ ಹಕ್ಕು ಸಂಪೂರ್ಣವಾಗಿ ಮಂಜೂರಾಗಿದೆ, ವಾಹನವೊಂದು ಬಾಕಿ. ಕಂಡಕ್ಟರು 'ಹತ್ತಿ ಹತ್ತಿ ಅಮ್ಮಾ, ಚಿಲ್ಲರೆ ಕೊಡಿ' ಎನ್ನುತ್ತಾನೆ. ಗೃಹಜ್ಯೋತಿಯ ಬಗ್ಗೆ ಮುಂದೆ, ಜಲಗತ ಪ್ರಕರಣದಲ್ಲಿ ಬರುತ್ತದೆ.

ಇನ್ನೂ ಸೂಕ್ಷ್ಮವಾದ ಮಾತೊಂದಿದೆ. 2002ರಲ್ಲಿ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದಿತು, ದೇಶದಲ್ಲೇ ಮೊದಲು. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು, ಸಾಲ ಶೇ 25 ದಾಟಬಾರದು. ಸರಿ, ಭರವಸೆ ಎಷ್ಟು ದಾಟಬಹುದು? ಕಾಯ್ದೆಯನ್ನು ತಿರುಗಿಸಿ ಮುರುಗಿಸಿ ನೋಡಿದರೂ ಅದಕ್ಕೆ ಮಿತಿ ಹಾಕಿದ ಕಲಮು ಸಿಗದು. ಬ್ಯಾಂಕಿಗೆ ಕೊಡಬೇಕಾದದ್ದು ಸಾಲ, ಲೆಕ್ಕಕ್ಕೆ ಬರುತ್ತದೆ. ಪ್ರಜೆಗೆ ಕೊಡಬೇಕಾದದ್ದು ಬಾಕಿ, ಬರುವುದಿಲ್ಲ. ಹೀಗಾಗಿಯೇ ಎಷ್ಟು ಭಾಷಣ ಮಾಡಿದರೂ ರಾಜ್ಯದ ಸಾಲದ ಪ್ರಮಾಣ ಒಂದು ಪೈಸೆ ಏರದು.

ಗೃಹ ಪ್ರಕರಣ

ಬಾಕಿಯ ಶುದ್ಧ ಸ್ವರೂಪ ಕಣ್ಣಿಗೆ ಕಾಣುವುದು ಆಶ್ರಯ ಮನೆಗಳಲ್ಲಿ. ಜನತಾ ಮನೆ, ಆಶ್ರಯ, ಇಂದಿರಾ ಆವಾಸ್, ಅಂಬೇಡ್ಕರ್, ಬಸವ, ಪ್ರಧಾನಮಂತ್ರಿ ಆವಾಸ್ ಎಂದು ಯೋಜನೆಗಳ ಹೆಸರು ಬದಲಾದವು. 2000ದಲ್ಲಿ ಇದಕ್ಕೆಂದೇ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವೂ ಹುಟ್ಟಿತು. ಆದರೆ ಊರವರು ಎಲ್ಲಕ್ಕೂ 'ಆಶ್ರಯ ಮನೆ' ಎಂದೇ ಅನ್ನುತ್ತಾರೆ. ಅಡಿಪಾಯಕ್ಕೆ ಒಬ್ಬ ಮಹಾತ್ಮ, ಛಾವಣಿಗೆ ಇನ್ನೊಬ್ಬ ಎಂದು ನೆನಪಿಡುವುದು ಕಷ್ಟ.

ಕೇಂದ್ರದ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ 1.20 ಲಕ್ಷ, ಗುಡ್ಡಗಾಡಿನ ಮನೆಗೆ 1.30 ಲಕ್ಷ ಎಂದು ನಿಗದಿ ಮಾಡಿದರು. ಅಂದರೆ ಗುಡ್ಡವೊಂದರ ಬೆಲೆ 10,000 ರೂಪಾಯಿ. ಹುಲಿಕಲ್ ಘಾಟಿಯಲ್ಲಿ ಒಂದು ಲೋಡು ಜಂಬಿಟ್ಟಿಗೆ ಕಲ್ಲು ಹತ್ತಿಸಿದವರಿಗೆ ಇದರ ಔದಾರ್ಯ ಅರ್ಥವಾದೀತು.

ಹಣ ಕಂತಿನಲ್ಲಿ ಬರುತ್ತದೆ: ತಳಪಾಯ, ಲಿಂಟಲ್ ಮಟ್ಟ, ಛಾವಣಿ, ಪೂರ್ಣ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಜಿಪಿಎಸ್ ಸಮೇತ ಫೋಟೋ ತೆಗೆದು ಏರಿಸಬೇಕು. ಕೆಲಸದ ಆದೇಶ ಕೈಗೆ ಸಿಗುವುದು ಸಾಮಾನ್ಯವಾಗಿ ಬೇಸಿಗೆ ಮುಗಿಯುವಾಗ. ಫಲಾನುಭವಿ ಪಾಯ ತೆಗೆಯುತ್ತಾನೆ. ಜೂನ್ ಹಿಡಿಯುತ್ತದೆ. ಆಗುಂಬೆಯ ಮಳೆ ವಸತಿ ನಿಗಮದ ವೇಳಾಪಟ್ಟಿ ಓದಿಕೊಂಡು ಬರುವುದಿಲ್ಲವಾದ್ದರಿಂದ ಪಾಯ ಕೆರೆಯಾಗುತ್ತದೆ. ಫೋಟೋ ತೆಗೆಯಲು ಬಂದವರು ಮೇಲಿನಿಂದ ಇಣುಕಿ, 'ಇದೆಂತ ಮಾರಾಯ್ರೆ, ಮೀನು ಬಿಟ್ಟಿದೀರಾ? ಅದರ ಸಬ್ಸಿಡಿ ಬೇರೆ ಇಲಾಖೆ' ಎಂದು ಹೋಗುತ್ತಾರೆ. ನೀರು ಬಸಿದು, ಫೋಟೋ ತೆಗೆದರೆ ನೆಟ್‌ವರ್ಕ್ ಇಲ್ಲ. ನೆಟ್‌ವರ್ಕ್ ಇರುವ ದಿಬ್ಬಕ್ಕೆ ಹೋಗಿ ಏರಿಸೋಣವೆಂದರೆ ಜಿಪಿಎಸ್ಸು ಮನೆಯನ್ನು ದಿಬ್ಬದ ಮೇಲೆ ತೋರಿಸುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಓಟೂ ಇಲ್ಲವೆಂದು ಈ ಭಾಗದ ಹಳ್ಳಿಗಳವರು ಬೋರ್ಡು ಹಾಕಿದ್ದುಂಟು. ಆ ಬೋರ್ಡಿನ ಫೋಟೋ ಮಾತ್ರ ಎಲ್ಲೆಡೆ ಸಲೀಸಾಗಿ ಹರಿದಾಡಿತು.

ಹೀಗೆ ಲಿಂಟಲಿನಲ್ಲಿ ನಿಂತ ಮನೆಗಳು ಈ ಸೀಮೆಯ ವಿಶಿಷ್ಟ ವಾಸ್ತುಶೈಲಿ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಬಗ್ಗೆ ಬರೆಯುವ ಕಲಾ ಇತಿಹಾಸಕಾರರು ಇವುಗಳ ಕಡೆ ಗಮನ ಹರಿಸದಿರುವುದು ಖೇದಕರ. ಲಕ್ಷಣಗಳು: ನಾಲ್ಕು ಮೂಲೆಯಲ್ಲಿ ಆಕಾಶಕ್ಕೆ ಚಾಚಿದ ಕಬ್ಬಿಣದ ಸರಳು, ತುಕ್ಕು ಹಿಡಿಯದಿರಲೆಂದು ಅವುಗಳ ತಲೆಗೆ ಕವುಚಿದ ಬಿಯರ್ ಬಾಟಲಿ. ಗೋಡೆಗೆ ಹಸಿರು ಪಾಚಿ. ಕಿಟಕಿ ಇರಬೇಕಾದ ಕಂಡಿಯಲ್ಲಿ ಹರಿವೆ ಬೀಜದ ಡಬ್ಬಿ, ಒಂದು ಕತ್ತಿ. ಒಳಗೆ, ಅಂದರೆ ಒಳಗೆ ಎಂದು ಹೇಳಬಹುದಾದಲ್ಲಿ, ದರಗಿನ ಮೂಟೆ. ಮನೆಯವರು ಪಕ್ಕದ ಕೊಟ್ಟಿಗೆಯಲ್ಲಿ, ಮಳೆ ಇರಿಚಲು ಬಡಿಯುವ ಕಡೆಗೆ ಅಡಿಕೆ ಸೋಗೆಯ ಮರೆ ಕಟ್ಟಿಕೊಂಡು, ದನದ ಜೊತೆ ಸಹಬಾಳ್ವೆ. 'ಮನೆ ಎಲ್ಲಿಗೆ ಬಂತು ಗೌಡ್ರೇ?' ಎಂದು ಕೇಳಿದರೆ, 'ಎರಡನೇ ಕಂತಿಗೆ ಬಂದದೆ' ಎನ್ನುತ್ತಾರೆ. ಎತ್ತರವನ್ನು ಅಡಿಯಲ್ಲಿ ಅಳೆಯದೆ ಕಂತಿನಲ್ಲಿ ಅಳೆಯುವ ಈ ಮಾನವನ್ನು ಶಿವಪ್ಪನಾಯಕನ ರಾಜಹಸ್ತವೆಂಬ ಅಳತೆಯ ಪಕ್ಕದಲ್ಲಿಟ್ಟು ಅಭ್ಯಸಿಸಬೇಕು.

ಜಲಗತ ಪ್ರಕರಣ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರ ತಾಲ್ಲೂಕಿನ ಗದ್ದೆ, ತೋಟ, ದೇವರ ಬನ, ಮನೆ ಎಲ್ಲದರ ಮೇಲೆ ಶರಾವತಿ ನಿಂತಿತು. 1,035 ಮೆಗಾವಾಟಿನ ವಿದ್ಯುದಾಗಾರ ರಾಜ್ಯವನ್ನೆಲ್ಲ ಬೆಳಗಿಸಿತು. ಎದ್ದು ಹೋದವರನ್ನು ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿ, 'ಇಲ್ಲೇ ಕಡಿದು ಮಾಡಿಕೊಳ್ಳಿ' ಎಂದರು. ಹಕ್ಕುಪತ್ರ ಆಮೇಲೆ. ಆ ಆಮೇಲೆಗೆ ಈಗ ಮೊಮ್ಮಕ್ಕಳಾಗಿದ್ದಾರೆ. ತಲೆಯ ಮೇಲೆ ಹೈಟೆನ್ಷನ್ ತಂತಿ ಹಾದುಹೋದ ಊರುಗಳವರು ಚಿಮಣಿ ಬುಡ್ಡಿಯಲ್ಲೇ ಎಷ್ಟೋ ಕಾಲ ಓದಿದರು. ಊರು ಕೊಟ್ಟು ತಂದ ಕರೆಂಟಿನಲ್ಲಿ 200 ಯೂನಿಟ್ಟು ಈಗ ಬಿಟ್ಟಿ ಸಿಗುತ್ತಿದೆಯೆಂದರೆ ಅಸಲು ಬಾಕಿ ಇದ್ದರೂ ಬಡ್ಡಿ ಸಂದಾಯವಾಗುತ್ತಿದೆ ಎಂದೇ ಲೆಕ್ಕ.

ಸರ್ಕಾರ ಕೈಕಟ್ಟಿ ಕೂತಿರಲಿಲ್ಲ. ಸಂತ್ರಸ್ತರಿಗಾಗಿ ಅರಣ್ಯಭೂಮಿಯನ್ನು ಡಿನೋಟಿಫೈ ಮಾಡಿ ಆದೇಶದ ಮೇಲೆ ಆದೇಶ ಹೊರಡಿಸಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಅನುಮತಿ ಬೇಕಿತ್ತು, ಅದೊಂದನ್ನು ಪಡೆದಿರಲಿಲ್ಲ. 2021ರಲ್ಲಿ ಎಲ್ಲವೂ ರದ್ದಾದವು. ಕೊಟ್ಟದ್ದನ್ನೂ ಮರಳಿ ಬಾಕಿಯಾಗಿಸಬಹುದೆಂಬ ಈ ಆವಿಷ್ಕಾರ ನಮ್ಮ ಶಾಸ್ತ್ರದ ತುತ್ತತುದಿ.

2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯವಾಸಿಗಳಾಗಿದ್ದುದಕ್ಕೆ ಸಾಕ್ಷ್ಯ ಕೊಡಬೇಕು. ಈ ವಿಷಯವನ್ನು ಗುರು-ಶಿಷ್ಯ ಸಂವಾದದ ರೂಪದಲ್ಲಿ ನಿರೂಪಿಸುವುದು ಉಚಿತ.

'1930ರಲ್ಲಿ ನಿಮ್ಮ ಅಜ್ಜ ಈ ಜಾಗದಲ್ಲಿದ್ದರಾ?'

'ಇಲ್ಲ ಸಾರ್, ಆ ಕಡೆ ಇದ್ರು.'

'ಆ ಕಡೆ ಅಂದ್ರೆ?'

'ಈಗ ನೀರಿದೆಯಲ್ಲ, ಅದರಡಿಗೆ.'

'ಮತ್ತೆ ಇಲ್ಲಿಗೆ ಯಾಕೆ ಬಂದ್ರಿ?'

'ನೀವೇ ಕರ್ಕೊಂಡು ಬಂದದ್ದು ಸಾರ್.'

'ನಾನಾ?'

'ನಿಮ್ಮ ಇಲಾಖೆ.'

'ಅದಕ್ಕೆ ದಾಖಲೆ ಇದೆಯಾ?'

'ನಿಮ್ಮ ಆಫೀಸಲ್ಲೇ ಇರಬೇಕು.'

'ಹಾಗಾದ್ರೆ ಅದನ್ನು ಕೊಡಿ ಅಂತ ಒಂದು ಅರ್ಜಿ ಹಾಕಿ.'

ಸಿದ್ಧಾಂತಕ್ಕೆ ಅಪವಾದವೂ ಒಂದುಂಟು. ಪ್ರಾಮಾಣಿಕ ಸಂಶೋಧಕ ಮುಚ್ಚಿಡಬಾರದು. ಹಿನ್ನೀರಿನ ಆಚೆ ದ್ವೀಪವಾಗಿದ್ದ ತುಮರಿ, ಸಿಗಂದೂರಿನ ಕಡೆಯವರು ದಶಕಗಟ್ಟಲೆ ಲಾಂಚಿಗೆ ಕಾದು, ಕೊನೆಯ ಲಾಂಚು ತಪ್ಪಿದರೆ ದಂಡೆಯಲ್ಲೇ ಉಳಿಯಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿಯೇಬಿಟ್ಟಿತು. 60 ವರ್ಷ ನೀರಿನಲ್ಲಿ ನೆನೆದರೆ ಬಾಕಿಗೂ ಮೊಳಕೆ ಬರುತ್ತದೆ ಎಂಬ ಉಪಸೂತ್ರವನ್ನು ಸೇರಿಸಿ ಈ ಗಂಡಾಂತರದಿಂದ ಪಾರಾಗಬಹುದು.

ನಮೂನಾ ಪ್ರಕರಣ

ಇನ್ನು ಬಗರ್‌ಹುಕುಂ. ಕಂದಾಯ ಭೂಮಿಯಲ್ಲಿ ಸಾಗುವಳಿ ಮಾಡಿದವರು ಸಕ್ರಮಕ್ಕೆ ಅರ್ಜಿ ಹಾಕಬೇಕು. 1991ರಲ್ಲಿ ನಮೂನೆ 50 ಬಂತು, 1998–99ರ ಹೊತ್ತಿಗೆ ನಮೂನೆ 53, 2018ರಲ್ಲಿ ನಮೂನೆ 57. ಪ್ರತಿ ಸಲವೂ ಇನ್ನು ಮುಂದೆ ಅವಕಾಶವಿಲ್ಲವೆಂಬ ಎಚ್ಚರಿಕೆ. ಆಮೇಲೆ ಗಡುವು ವಿಸ್ತರಣೆ. ತೀರ್ಮಾನಿಸುವುದು ಶಾಸಕರ ಅಧ್ಯಕ್ಷತೆಯ ಸಮಿತಿ. ಚುನಾವಣೆ ಬಂದಾಗ ಸಮಿತಿ ಹೋಗುತ್ತದೆ, ಹೊಸ ಸಮಿತಿ ಬರುವಷ್ಟರಲ್ಲಿ ಗ್ರಾಮ ಆಡಳಿತಾಧಿಕಾರಿ, ಅಂದರೆ ಊರವರ ವಿಎ, ವರ್ಗವಾಗಿರುತ್ತಾರೆ, ಹೊಸ ವಿಎ ಹಳೆಯ ಸರ್ವೆ ಸ್ಕೆಚ್ಚನ್ನು ಒಪ್ಪುವುದಿಲ್ಲ.

ತರ್ಕಶಾಸ್ತ್ರದವರು ಇಲ್ಲೊಂದು ಚಮತ್ಕಾರ ಗಮನಿಸಬೇಕು. ಭೂಕಂದಾಯ ಕಾಯ್ದೆಯ 94ಎ ಪ್ರಕಾರ ಜಮೀನು ಸಿಗಬೇಕಾದರೆ ತಾನು ಒತ್ತುವರಿ ಮಾಡಿದ್ದೇನೆಂದು ರೈತ ಸಾಬೀತು ಮಾಡಬೇಕು. ಅದೇ ಕಾಯ್ದೆಯ 192ಎ ಪ್ರಕಾರ ಸರ್ಕಾರಿ ಜಮೀನು ಒತ್ತುವರಿ ಅಪರಾಧ. ಒಂದೇ ಕಾಗದ ಒಂದು ಮೇಜಿನಲ್ಲಿ ಅರ್ಹತೆ, ಪಕ್ಕದ ಮೇಜಿನಲ್ಲಿ ತಪ್ಪೊಪ್ಪಿಗೆ. ಅರ್ಧ ಎಕರೆಯ ಶುಂಠಿಗೆ ಬೆಂಗಳೂರಿನ ಭೂಕಬಳಿಕೆ ಕೋರ್ಟಿನ ಸಮನ್ಸು ಹಿಡಿದು ರಾತ್ರಿ ಬಸ್ಸು ಹತ್ತಿದ ಕಾಲವೂ ಮಲೆನಾಡಿಗೆ ಬಂದಿತ್ತು.

ಈಗ ಗಣಿತ. 50, 53, 57. ಅಂತರ ಮೊದಲು 3, ಆಮೇಲೆ 4. ಆದ್ದರಿಂದ ಮುಂದಿನದು 5. ಹೊಸ ಅರ್ಜಿಯು ನಮೂನೆ 62 ಆಗಿರತಕ್ಕದ್ದು. (ನಮೂನೆ 7 ಬೇರೆ ಕಾಯ್ದೆಯ ಸಂತಾನವಾದ್ದರಿಂದ ಈ ಶ್ರೇಣಿಗೆ ಸೇರಿಸಿಲ್ಲ.) ಮಿಕ್ಕ ಅಧ್ಯಾಯಗಳಲ್ಲಿ ವಾದಕ್ಕೆ ಎಡೆಯಿರಬಹುದು, ಇದರಲ್ಲಿ ಇಲ್ಲ. ಈ ಫಲಿತಾಂಶವನ್ನು ಸಾಗರದ ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಮಂಡಿಸಿದಾಗ, ಮೂರೂ ನಮೂನೆಯ ಸ್ವೀಕೃತಿ ಚೀಟಿಗಳನ್ನು ಒಂದೇ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದ ಹಿರಿಯರೊಬ್ಬರು ಬಹಳ ಗಂಭೀರವಾಗಿ ಕೇಳಿಕೊಂಡರು. ಆಮೇಲೆ ಅಂಗಡಿಯ ಹುಡುಗನ ಕಡೆ ತಿರುಗಿ, 'ತಮಾ, ಅರವತ್ತೆರಡಂತೆ. ಅದನ್ನ ಮೊಮ್ಮಗನ ಹೆಸರಿಗೇ ಹಾಕಿಬಿಡು. ಅವಂದು ಆಧಾರ್ ಆಗಿದೆ' ಎಂದರು.