ದೂರಸ್ಥಗಣಕತೆರೆಪ್ರವೇಶ ಮೀಮಾಂಸೆ

ದೂರಸ್ಥ ಪರಿಚಾರಕದ ಚಿತ್ರಾತ್ಮಕ ಗಣಕತೆರೆಯನ್ನು ಗುಪ್ತಪದಪೂರ್ವಕವಾಗಿ ಹೊಗುವ ವಿಧಿಗೆ ದೂರಸ್ಥಗಣಕತೆರೆಪ್ರವೇಶ ಎಂದು ಹೆಸರು. ಎಲ್ಲೋ ಇರುವ ಲಿನಕ್ಸ್ ಸರ್ವರ್‌ನ ಡೆಸ್ಕ್‌ಟಾಪನ್ನು ಇಲ್ಲಿ ಕುಳಿತು ತೆರೆಯುವುದು ಎಂದರೂ ಇದೇ. ಹಾಗೆ ಬರೆದರೆ ಓದುಗರಿಗೆ ಅರ್ಥವಾಗಿಬಿಡುವ ಅಪಾಯವಿರುವುದರಿಂದ ಶಾಸ್ತ್ರಕಾರರು ಒಪ್ಪುವುದಿಲ್ಲ.

ಶಾಸ್ತ್ರವೆಂದಮೇಲೆ ಅನುಬಂಧ ಚತುಷ್ಟಯ ಬೇಕು. ಇಲ್ಲಿ ವಿಷಯ ಡೆಸ್ಕ್‌ಟಾಪು. ಪ್ರಯೋಜನ, ಸರ್ವರ್ ಕೋಣೆಯವರೆಗೆ ಎದ್ದು ಹೋಗುವುದು ತಪ್ಪುವುದು. ಸಂಬಂಧ, ನೆಟ್‌ವರ್ಕ್ ಕೇಬಲ್ಲು. ಅಧಿಕಾರಿ ಯಾರೆಂದರೆ ರೂಟ್ ಪಾಸ್‌ವರ್ಡ್ ಗೊತ್ತಿದ್ದವನು. ಆತ ಸಾಮಾನ್ಯವಾಗಿ ರಜೆಯ ಮೇಲಿರುತ್ತಾನೆ.

ಮೂಲ ದರ್ಶನ ಎಕ್ಸ್, ಯುನಿಕ್ಸ್ ಪಂಥದ ಯಂತ್ರಗಳಲ್ಲಿ ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ವ್ಯವಸ್ಥೆ. ಅಮೆರಿಕದ ಎಂಐಟಿಯಲ್ಲಿ ಅಥೇನಾ ಎಂಬ ಯೋಜನೆಯೊಳಗೆ 1984ರಲ್ಲಿ ಬಾಬ್ ಷೈಫ್ಲರ್ ಮತ್ತು ಜಿಮ್ ಗೆಟಿಸ್ ಇದನ್ನು ಕಟ್ಟಿದರು; ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂದು ಅಲ್ಲೇ ನಿಂತಿತು. ಈ ದರ್ಶನದ ಪ್ರಥಮ ವಿರೋಧಾಭಾಸ ಹೀಗಿದೆ: ಬಳಸುವವನ ಮುಂದಿರುವ ಪರದೆಯೇ ಸರ್ವರ್, ದೂರದ ದೊಡ್ಡ ಯಂತ್ರದಲ್ಲಿ ಓಡುವ ಪ್ರೋಗ್ರಾಮು ಕ್ಲೈಂಟ್. ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕುಳಿತವನನ್ನೇ ಬಡಿಸುವವನೆಂದು ಕರೆದ ಹಾಗೆ. ಪರದೆ, ಕೀಲಿಮಣೆ, ಮೌಸ್‌ಗಳನ್ನು ಪ್ರೋಗ್ರಾಮಿಗೆ ಒದಗಿಸುವುದು ಮುಂದಿರುವ ಯಂತ್ರವೇ ಆದ್ದರಿಂದ ತರ್ಕ ಸರಿಯಾಗಿಯೇ ಇದೆ. ತರ್ಕ ಸರಿಯಿದ್ದೂ ತಲೆಗೆ ಹತ್ತದ ಇಂಥ ಮಾತಿಗೆ ಪಠ್ಯಪುಸ್ತಕಗಳು ಉದಾಹರಣೆ ಕೊಡುವುದಿಲ್ಲ. ‘ಪರಿಚಾರಕ’ದ ವ್ಯುತ್ಪತ್ತಿ ಕೊಡುತ್ತವೆ.

ಲಾಗಿನ್ ಪರದೆಯನ್ನೇ ದೂರಕ್ಕೆ ಕಳಿಸುವ ಎಕ್ಸ್‌ಡಿಎಂಸಿಪಿ ಎಂಬ ಪ್ರೋಟೋಕಾಲು 1989ರಲ್ಲಿ ಸೇರಿತು. ಇದರ ಕ್ರಮ ಸಂಬಂಧ ಕುದುರಿಸುವ ಮಾತುಕತೆಯಂತಿದೆ. ಈಚೆಯ ಯಂತ್ರ ಯುಡಿಪಿ 177ನೇ ಪೋರ್ಟಿಗೆ ‘ಕ್ವೆರಿ’ ಕಳಿಸುತ್ತದೆ. ಆಚೆಯದು ‘ವಿಲ್ಲಿಂಗ್’ ಅಥವಾ ‘ಅನ್‌ವಿಲ್ಲಿಂಗ್’ ಎನ್ನುತ್ತದೆ; ಈ ಹೆಸರುಗಳು ಅಣಕವಲ್ಲ, ಪ್ರೋಟೋಕಾಲಿನಲ್ಲಿ ಹೀಗೇ ಇವೆ. ಆಮೇಲೆ ‘ರಿಕ್ವೆಸ್ಟ್’, ‘ಆಕ್ಸೆಪ್ಟ್’, ‘ಮ್ಯಾನೇಜ್’. ಎಲ್ಲ ಒಪ್ಪಿಗೆಯಾದ ಮೇಲೆ ಆಚೆಯ ಯಂತ್ರ ಈಚೆಯ ಯಂತ್ರದ ಟಿಸಿಪಿ 6000ನೇ ಪೋರ್ಟಿಗೆ ತಾನಾಗಿ ಬರಬೇಕು. ಅಲ್ಲಿ ಫೈರ್‌ವಾಲ್ ಇರುತ್ತದೆ. ದಿಬ್ಬಣ ಬಾಗಿಲಿಗೆ ಬಂದಾಗ ಗೇಟಿಗೆ ಬೀಗ. 177 ತೆರೆಯಿರಿ ಎಂದು ಬರೆದ ಕೈಪಿಡಿ 6000ದ ಸುದ್ದಿ ಎತ್ತಿರುವುದಿಲ್ಲ. ಜೊತೆಗೆ ಇಲ್ಲಿ ಯಾವ ಗೂಢಲಿಪೀಕರಣವೂ ಇಲ್ಲ; ಬೆರಳೊತ್ತಿದ ಗುಪ್ತಪದ ಡಂಗುರ ಹೊಡೆದುಕೊಂಡೇ ತಂತಿಯಲ್ಲಿ ಹೋಗುತ್ತದೆ.

ಎರಡನೆಯದು ವಿಎನ್‌ಸಿ. ಕೇಂಬ್ರಿಜ್‌ನ ಒಲಿವೆಟ್ಟಿ ಸಂಶೋಧನಾಲಯದ ಈ ಮತದಲ್ಲಿ, ಎಕ್ಸ್‌ನಲ್ಲಿ ಬರುವಂಥ ಚಿತ್ರ ಬಿಡಿಸುವ ಆಜ್ಞೆಗಳ ಬದಲು ಬಿಡಿಸಿದ ಚಿತ್ರವೇ ಬರುತ್ತದೆ. ಪೋರ್ಟ್ 5900ರಿಂದ ಎಣಿಕೆ ಶುರು. ಹಳೆಯ ಕ್ರಮದಲ್ಲಿ ಪಾಸ್‌ವರ್ಡಿನ ಮೊದಲ 8 ಅಕ್ಷರಗಳಿಗೆ ಮಾತ್ರ ಬೆಲೆ. ಇಪ್ಪತ್ತು ಅಕ್ಷರ ಬರೆದವರ ಉಳಿದ ಹನ್ನೆರಡು ಮನಸ್ಸಮಾಧಾನಕ್ಕೆ. ಹಳೆಯ ವಿಎನ್‌ಸಿಯಲ್ಲಿ ಗ್ನೋಮ್ ಡೆಸ್ಕ್‌ಟಾಪು ತೆರೆದವರು ಇನ್ನೊಂದು ಚಮತ್ಕಾರ ಬಲ್ಲರು: ಡಿ ಕೀಲಿ ಒತ್ತಿದೊಡನೆ ತೆರೆದ ಕಿಟಕಿಗಳೆಲ್ಲ ಮಾಯ. ಕಗಪ ಕೀಲಿಮಣೆಯಲ್ಲಿ ಆ ಕೀಲಿಗೆ ‘ದ’. ‘ದಯವಿಟ್ಟು’ ಎಂದು ವಿನಯದಿಂದ ಆರಂಭಿಸುವ ಕನ್ನಡಿಗನಿಗೆ ಸಿಗಬಹುದಾದ ಉತ್ತರ ಇದು.

ಮೂರನೆಯದು ಆರ್‌ಡಿಪಿ, ಪೋರ್ಟ್ 3389. ಇದು ಮೈಕ್ರೋಸಾಫ್ಟಿನದು. ಲಿನಕ್ಸ್‌ನಲ್ಲಿ ಎಕ್ಸ್‌ಆರ್‌ಡಿಪಿ ಇದನ್ನು ಆಡಿಸುತ್ತದೆ. 2024ರ ಗ್ನೋಮ್ 46 ಲಾಗಿನ್ ಪರದೆಗೂ ಇದನ್ನೇ ಬಳಸಿತು. ಯುನಿಕ್ಸ್ ಪಂಥದವರು ವಿಂಡೋಸನ್ನು ದಶಕಗಟ್ಟಲೆ ಬೈದು ಕೊನೆಗೆ ಅದರ ಬಾಗಿಲಿನಿಂದಲೇ ಮನೆಯೊಳಗೆ ಬಂದರು.

ಈ ಮೂರು ಮತಗಳಿಗೂ ಸಮಾನವಾದ ಫಲ ಕಪ್ಪು ಪರದೆ. ಇದನ್ನು ಹನ್ನೊಂದು ಪ್ರಭೇದಗಳಾಗಿ ವಿಂಗಡಿಸಲಾಗಿದೆ. ಒಂದು, ಧೂಸರಪಟ: ಬೂದು ಹಿನ್ನೆಲೆ, ನಡುವೆ ಗುಣಾಕಾರ ಚಿಹ್ನೆಯಂಥ ಕರ್ಸರ್. ಎಕ್ಸ್ ಬಂದಿದೆ, ಡೆಸ್ಕ್‌ಟಾಪು ಬಂದಿಲ್ಲ ಎಂದರ್ಥ. ಎರಡು, ಸಕರ್ಸರ ಕೃಷ್ಣಪಟ. ಮೂರು, ನಿಷ್ಕರ್ಸರ ಕೃಷ್ಣಪಟ. ಮಿಕ್ಕವೂ ಕಪ್ಪಗೇ ಇರುವುದರಿಂದ ಬಿಡಲಾಗಿದೆ.

ಹೆಸರಿಟ್ಟದ್ದರಿಂದ ಪರದೆ ಬೆಳಗುವುದಿಲ್ಲ. ಎಕ್ಸ್‌ಆರ್‌ಡಿಪಿಯಲ್ಲಿ ಇದಕ್ಕೆ ತೀರ ಸಾಮಾನ್ಯ ಕಾರಣ, ಅದೇ ಬಳಕೆದಾರ ಸರ್ವರ್‌ನ ಸ್ವಂತ ಪರದೆಯಲ್ಲಿ ಆಗಲೇ ಲಾಗಿನ್ ಆಗಿರುವುದು; ಒಬ್ಬನಿಗೇ ಎರಡು ಗ್ನೋಮ್ ಸೆಷನ್ ಒಗ್ಗುವುದಿಲ್ಲ. ಅಲ್ಲಿ ಲಾಗೌಟ್ ಆದರೆ ಇಲ್ಲಿ ಪರದೆ ಬರುತ್ತದೆ. ಒಂದೇ ವಾಕ್ಯ. ಗಣಕತೆರೆ, ಗುಪ್ತಪದ, ದೃಢೀಕರಣ, ಪರಿಚಾರಕ ಎಂದು ಪುಟ ತುಂಬಿಸಿದ ಪಠ್ಯಗಳಲ್ಲಿ ಈ ವಾಕ್ಯ ಸಿಗುವುದಿಲ್ಲ. ಎಕ್ಸ್‌ಆರ್‌ಡಿಪಿಯ ಸೆಸ್‌ಮನ್ ಲಾಗ್ ಫೈಲನ್ನು ಓದಿ ಎಂಬ ಸಾಲೂ ಸಿಗುವುದಿಲ್ಲ. ಬರೆದವರು ಒಮ್ಮೆಯೂ ಲಾಗಿನ್ ಆಗಿಲ್ಲವೆಂಬುದು ಪ್ರತಿ ಪುಟದಲ್ಲೂ ಕಾಣುತ್ತದೆ, ಆದರೂ ಪರೀಕ್ಷೆಗೆ ಪ್ರಶ್ನೆ ಅದರಿಂದಲೇ: ಎಕ್ಸ್ ವ್ಯವಸ್ಥೆಯ ಐದು ವೈಶಿಷ್ಟ್ಯ ಬರೆಯಿರಿ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಡಿಪ್ಲೊಮಾಗೆ ಬಂದ ಹುಡುಗಿ ಐದನ್ನೂ ಬಾಯಿಪಾಠ ಮಾಡಿ ಅಂಕ ಪಡೆಯುತ್ತಾಳೆ. ಲ್ಯಾಬಿನಲ್ಲಿ ಕಪ್ಪು ಪರದೆಯ ಮುಂದೆ ಕೂತು, ತನಗೇ ಬುದ್ಧಿ ಸಾಲದೆಂದು ನಂಬುತ್ತಾಳೆ. ಅಥೇನಾ ಹುಟ್ಟಿದ್ದು ವಿದ್ಯಾರ್ಥಿಗಳಿಗಾಗಿ: ಕ್ಯಾಂಪಸ್ಸಿನ ಯಾವ ಯಂತ್ರದ ಮುಂದೆ ಕುಳಿತರೂ ತನ್ನ ಕೆಲಸ ತನಗೆ ಸಿಗಲಿ ಎಂದು. ಆ ಸೌಕರ್ಯ ಅವಳವರೆಗೆ ಬರುವ ಹೊತ್ತಿಗೆ ಐದು ಅಂಕದ ಪ್ರಶ್ನೆಯಾಗಿದೆ.

ರಕ್ಷಾವಿಧಿ ಚಿಕ್ಕದು. ಈ ಪೋರ್ಟುಗಳಲ್ಲಿ ಯಾವುದನ್ನೂ ಇಂಟರ್‌ನೆಟ್ಟಿಗೆ ನೇರವಾಗಿ ತೆರೆಯಬಾರದು. 1995ರಲ್ಲಿ ಫಿನ್ಲೆಂಡಿನ ತಾತು ಯುಲೋನೆನ್ ಬರೆದ ಎಸ್‌ಎಸ್‌ಎಚ್ ಇದೆ. 22ನೇ ಪೋರ್ಟಿನ ಅದರ ಗೂಢಲಿಪಿಯ ಸುರಂಗದೊಳಗೆ ಸರ್ವರ್‌ನ ಒಂದನೆಯ ವಿಎನ್‌ಸಿ ಪರದೆಯ ಪೋರ್ಟಾದ 5901ನ್ನು ತೂರಿಸಿ, ವಿಎನ್‌ಸಿಯನ್ನು ಸ್ವಂತ ಯಂತ್ರದ 5901ಕ್ಕೇ ಜೋಡಿಸಬೇಕು. ಒಂದೆರಡು ಪ್ರೋಗ್ರಾಮು ಸಾಕೆನ್ನುವವರಿಗೆ ಎಸ್‌ಎಸ್‌ಎಚ್‌ನ ಎಕ್ಸ್ ಫಾರ್ವರ್ಡಿಂಗ್ ಇದೆ, ಡೆಸ್ಕ್‌ಟಾಪೇ ಬೇಡ.

ಉಳಿದದ್ದು ನಿರ್ಗಮನ. ಎಕ್ಸ್‌ಡಿಎಂಸಿಪಿಯಲ್ಲಿ ಕಿಟಕಿ ಮುಚ್ಚಿದರೆ ಸೆಷನ್ನೂ ಮುಗಿಯುತ್ತದೆ. ವಿಎನ್‌ಸಿ, ಎಕ್ಸ್‌ಆರ್‌ಡಿಪಿಗಳಲ್ಲಿ ಮುಗಿಯುವುದಿಲ್ಲ; ಯಜಮಾನನಿಲ್ಲದ ಡೆಸ್ಕ್‌ಟಾಪು ಆಚೆ ಕಡೆ ಮೆಮೊರಿ ತಿನ್ನುತ್ತ ಕೂತಿರುತ್ತದೆ, ಮಾರನೆಯ ದಿನ ಸರ್ವರ್‌ನ ಸ್ವಂತ ಪರದೆಯ ಮುಂದೆ ಕೂತವನಿಗೂ ತಕರಾರು ತೆಗೆಯಬಹುದು. ಆದ್ದರಿಂದ ಮೆನುವಿಗೆ ಹೋಗಿ ಲಾಗೌಟ್ ಒತ್ತಬೇಕು. ಪರಿಭಾಷೆಯಲ್ಲಿ ಇದಕ್ಕೆ ನಿರ್ಗಮನವೆಂದಿದೆ. ಬಟನ್ನಿನ ಮೇಲೆ ಬರೆದಿರುವುದು ಲಾಗೌಟ್ ಎಂದೇ.